ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ದಫೇದಾರರು

ಮೊನ್ನೆ ಮೊಮ್ಮಗಳು ಪರೇಡಿಗೆಂದು ಬೆಲ್ಟಿನ ಬಕಲ್ ಉಜ್ಜುತ್ತಾ ಕೂತಿದ್ದಳು. ಹಿತ್ತಾಳೆ ಪಾಲಿಶಿನ ಘಾಟು ಅಡುಗೆಮನೆಯವರೆಗೂ ಬಂತು. ಒಲೆಯ ಮೇಲಿನ ಒಗ್ಗರಣೆ ಮರೆತು ನಿಂತುಬಿಟ್ಟೆ... ಶಿಕಾರಿಪುರದ ನಮ್ಮ ವಠಾರದಲ್ಲಿ ಭಾನುವಾರ ಬೆಳಿಗ್ಗೆ ಇದೇ ವಾಸನೆ. ಪಕ್ಕದ ಮನೆಯ ಪೊಲೀಸ್ ದಫೇದಾರರು ಜಗಲಿಯ ಮೇಲೆ ಕೂತು ಬಕಲ್ ತಿಕ್ಕುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತು. "ಏನ್ರೀ, ಅದ್ರಾಗೆ ಮುಖ ನೋಡ್ಕಂಡು ಮೀಸೆ ತಿರುವ್ತೀರೇನು?" ಎಂದು ಅವರ ಹೆಂಡತಿ ಚುಡಾಯಿಸುತ್ತಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷ ಕಳೆದಿತ್ತೇನೋ. ಆಗ ಎತ್ತಿನ ಕಳವು ವಿಪರೀತ. ಶಿಕಾರಿಪುರದ ಕಡೆ ಕದ್ದ ಜೋಡಿ ಸೊರಬದ ಕಡೆಯ ಸಂತೆಯಲ್ಲಿ ಬಿಕರಿಯಾಗುತ್ತಿತ್ತು, ಅಲ್ಲಿಯದು ಇಲ್ಲಿ. ಅದಕ್ಕೆಂದು ಮೇಲಿನವರು ಒಂದು ವಿಶೇಷ ದಳ ಮಾಡಿದರು. ಸುತ್ತಲ ಠಾಣೆಗಳಿಂದ ಒಬ್ಬೊಬ್ಬರನ್ನು ಎತ್ತಿಕೊಂಡರು. ಎರಡೂ ಕಡೆಯ ದಾರಿ ಬಲ್ಲವರೆಂದು ನಮ್ಮ ದಫೇದಾರರನ್ನೂ ಸೇರಿಸಿದರು. ಹೊರಗಿನಿಂದ ಒಬ್ಬ ಸಾಹೇಬರು ಬಂದರು, ಜೀಪು ಬಂತು. ಬಾರದೆ ಹೋದದ್ದು ಖರ್ಚಿಗೆ ಹಣ. ಭತ್ಯೆ ಕೇಳಿದರೆ ದಳದವರು ಠಾಣೆಯ ಕಡೆ, ಠಾಣೆಯವರು ದಳದ ಕಡೆ ಕೈ ತೋರಿಸುತ್ತಿದ್ದರು.

ಸಾಹೇಬರು ತಾವೇ ಒಂದು ಪದ್ಧತಿ ಮಾಡಿಕೊಂಡರು. ಯಾವ ಊರಿಂದ ದೂರು ಬಂತೋ ಆ ಊರೇ ದಳಕ್ಕೆ ಊಟ ಹಾಕಬೇಕು, ಜೀಪಿಗೆ ಪೆಟ್ರೋಲು ತುಂಬಿಸಬೇಕು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಎತ್ತು ಕಳಕೊಂಡು ಅಳುತ್ತಿರುವವನ ಮನೆಯಲ್ಲೇ ಕೋಳಿ ಕುಯ್ಯಿಸಿ ಉಂಡು, ಮರದ ನೆರಳಲ್ಲಿ ಒಂದು ನಿದ್ದೆ ತೆಗೆದು, ಸಂಜೆ ಹೊರಟುಬಿಡುವುದು. ನಾಚಿಕೆಯಾದರೂ ಬೇಡವೇ? ನೆನೆದರೆ ಈಗಲೂ ಮೈ ಉರಿಯುತ್ತದೆ. ದಫೇದಾರರು ಮಾತ್ರ ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿಯ ಬುತ್ತಿ ಬಿಚ್ಚಿಕೊಂಡು ದೂರ ಕೂರುತ್ತಿದ್ದರಂತೆ. ಜೊತೆಯವರಿಗೆ ಅದೇ ಕಣ್ಣುರಿ.

ಜನರೇನು ದಡ್ಡರೇ? ದೂರು ಕೊಡುವುದನ್ನೇ ಬಿಟ್ಟರು. "ಎತ್ತು ಹೋದ್ರೆ ಹೋಗ್ಲಿ ಬಿಡ್ರೀ, ದಳದೋರು ಬಂದ್ರೆ ಮನ್ಯಾಗಿನ ಕೋಳಿನೂ ಉಳಿಯಂಗಿಲ್ಲ" ಎಂದು ಸೊಪ್ಪು ಮಾರುವವಳು ನನಗೇ ಹೇಳಿದ್ದಳು. ದೂರು ನಿಂತಿದ್ದಕ್ಕೆ ಕಳವೇ ನಿಂತಿತು ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿದರು. ಮೇಲಿನಿಂದ ಶಭಾಸ್‌ಗಿರಿಯೂ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಉಡುತಡಿಯ ಹೆಂಗಸೊಬ್ಬಳು ಠಾಣೆಗೆ ಹೋಗದೆ ನೇರವಾಗಿ ವಠಾರಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಗಾಡಿಯನ್ನೇ ನಂಬಿ ಬದುಕಿದ್ದವಳು. ಅವಳ ಜೋಡೆತ್ತು ಕಳವಾಗಿದ್ದವು.

"ಕಂಪ್ಲೇಂಟ್ ಮಾತ್ರ ಬ್ಯಾಡ್ರೀ ಯಪ್ಪಾ. ದಳಕ್ಕೆ ಉಣ್ಣಾಕಿಡೋ ಶಕ್ತಿ ನಂಗಿಲ್ಲ. ನೀವೊಬ್ರೇ ಹುಡುಕಿ ಕೊಡ್ರೀ" ಎಂದು ಜಗಲಿಯ ಮೇಲೆ ಕುಸಿದಳು.

ಬರೆಸಿಬಿಡು ತಾಯಿ ಎಂದು ದಫೇದಾರರು ಎಷ್ಟು ಹೇಳಿದರೂ ಆಕೆ ಜಪ್ಪಯ್ಯ ಎನ್ನಲಿಲ್ಲ. ಕಡೆಗೆ ಅವರು ರಜೆ ಹಾಕಿ ಸೈಕಲ್ ಹತ್ತಿದರು. ಸೊರಬದ ಕಡೆಯ ಸಂತೆಯೊಂದರಲ್ಲಿ ದಲ್ಲಾಳಿಯ ಬಳಿ ಆ ಜೋಡಿ ಸಿಕ್ಕಿತು. ಹಿಡಿದುಕೊಂಡು ಬಂದೇಬಿಟ್ಟರು. ವಠಾರದ ಮುಂದೆ ಎತ್ತುಗಳ ಕೊರಳು ತಬ್ಬಿ ಆ ಹೆಂಗಸು ಅತ್ತದ್ದು, ಅಕ್ಕ ಎತ್ತುಗಳ ಹಣೆಗೆ ಕುಂಕುಮ ಇಟ್ಟದ್ದು...

ದಲ್ಲಾಳಿ ಸುಮ್ಮನಿರುತ್ತಾನೆಯೇ? ಪೊಲೀಸಿನವನೊಬ್ಬ ನನ್ನ ಎತ್ತು ಕಿತ್ತುಕೊಂಡು ಹೋದ ಎಂದು ಸಾಹೇಬರ ಬಳಿಗೇ ಹೋದ. ಕಳವೇ ಇಲ್ಲವೆಂದು ಬರೆದು ಹೊಗಳಿಸಿಕೊಂಡಿದ್ದ ಸಾಹೇಬರಿಗೆ ಕದ್ದ ಎತ್ತು ಸಿಕ್ಕಿದ್ದೇ ಬೇಡವಾಗಿತ್ತು. ಆ ಹೆಂಗಸನ್ನು ಕರೆಸಿ, ನಿನ್ನ ಎತ್ತು ಕಳವಾಗಿತ್ತೇ ಎಂದು ಕೇಳಿದರು. ಹೌದೆಂದರೆ ದಳ ತನ್ನ ಮನೆಗೆ ಉಣ್ಣಲು ಬರುತ್ತದೆ, ಗುಟ್ಟಾಗಿ ಓಡಾಡಿದ ದಫೇದಾರರಿಗೂ ತೊಂದರೆಯಾಗುತ್ತದೆ ಎಂದುಕೊಂಡಳು ಪಾಪ.

"ನಮ್ಮನ್ಯಾಗೆ ಕಳವೇ ಆಗಿಲ್ರೀ ಸಾಹೇಬ್ರೇ" ಎಂದುಬಿಟ್ಟಳು.

ಸಾಹೇಬರಿಗೆ ಅಷ್ಟೇ ಸಾಕಾಗಿತ್ತು. ಕಳವಾಗದಿದ್ದ ಮೇಲೆ ಸಂತೆಯಲ್ಲಿ ಸಿಕ್ಕ ಎತ್ತು ಅವಳದಾಗುವುದು ಹೇಗೆ? ಅವಳದಲ್ಲದ ಎತ್ತನ್ನು ಹೊಡೆದುಕೊಂಡು ಬಂದ ದಫೇದಾರರು ಕಳ್ಳರಲ್ಲದೆ ಮತ್ತೇನು? ಜೋಡಿಯನ್ನು ದಲ್ಲಾಳಿಗೇ ಬಿಟ್ಟುಕೊಟ್ಟರು. ಆಮೇಲೆ ಆಕೆ ಬಾಯಿ ಬಡಿದುಕೊಂಡು ನಿಜ ಹೇಳಿದಳು. ಮಾತು ತಿರುಗಿಸುತ್ತೀಯಾ ಎಂದು ಗದರಿಸಿ ಅಟ್ಟಿದರು. ದಫೇದಾರರ ಕೆಲಸ ಹೋಯಿತು.

ಅವರು ವಠಾರ ಬಿಡುವ ದಿನ ನಾನು ಸಿಟ್ಟು ತಡೆಯಲಾರದೆ ಆ ಹೆಂಗಸನ್ನು ಬಾಯಿಗೆ ಬಂದಂತೆ ಬೈದೆ. ಹಾಸಿಗೆ ಸುತ್ತುತ್ತಿದ್ದ ದಫೇದಾರರು ತಲೆಯೆತ್ತಿ, "ಆಕೀನ ಬೈಬ್ಯಾಡಮ್ಮ. ಪೊಲೀಸ್ರಿಗೆ ಅನ್ನ ಹಾಕ್ಬೇಕಾಗ್ತದೆ ಅನ್ನೋ ಭಯಕ್ಕೆ ಸುಳ್ಳು ಹೇಳಿದ್ಲು. ಆ ಭಯ ಹುಟ್ಸಿದೋರು ನಾವಲ್ವಾ?" ಎಂದರು.

ನಾವು ಎಂದರು... ಯಾರ ಮನೆಯ ಒಂದು ತುತ್ತನ್ನೂ ಮುಟ್ಟದ ಮನುಷ್ಯ! ಅಕ್ಕ ಪಾತ್ರೆ ಚೀಲ ಹಿಡಿದು ನನ್ನ ಮುಖ ನೋಡದೆ ಗಾಡಿ ಹತ್ತಿದರು.

ಸೊರಬದಲ್ಲಿ ಯಾವುದೋ ಅಕ್ಕಿ ಗಿರಣಿಯ ಕಾವಲು ಕಾಯುತ್ತಾ ಇದ್ದು ಅವರು ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಈಗ ಅಕ್ಕನೂ ಇಲ್ಲ. ಸಾಹೇಬರು ಬಡ್ತಿ ಪಡೆದು ಹೋದರಂತೆ, ಎಲ್ಲಿಗೋ ನನಗೆ ಗೊತ್ತಿಲ್ಲ. ಇಷ್ಟು ವರ್ಷವಾಯಿತು, ಇನ್ನಾದರೂ ಬಿಡು ಎನ್ನುತ್ತಾರೆ ಮನೆಯವರು. ಹೇಗೆ ಬಿಡಲಿ? ಅಷ್ಟೊಂದು ಊರುಗಳ ಅನ್ನ ಉಂಡ ಆ ದಳ, ಇದ್ದಷ್ಟು ದಿನದಲ್ಲಿ ಹಿಡಿದ ಕಳ್ಳ ಎಂದರೆ ನಮ್ಮ ದಫೇದಾರರೊಬ್ಬರೇ.