ಆಟದ ಚೀಟಿ ಅಂಟಿದ ಚಳವಳಿ

ಜಪಾನಿ ಭಾಷೆಯಲ್ಲಿ ‘ಉಂದೋ’ ಅಂದರೆ ಆಟ, ವ್ಯಾಯಾಮ. ಅಷ್ಟೇ ತಾನೆ? ಅಲ್ಲದಿದ್ದರೆ? ಬೆಳಗಿನ ಐದೂವರೆಯ ರೈಲಿನಲ್ಲಿ, ಮಾಸ್ಕಿನೊಳಗೆ ತಮ್ಮದೇ ಬಿಸಿಯುಸಿರು ನುಂಗುತ್ತ ಶ್ರೀಪಾದ ಇದನ್ನೇ ಕೇಳಿಕೊಳ್ಳುತ್ತಿದ್ದಾರೆ. ಬಾಯಿಬಿಟ್ಟು ಕೇಳಿದರೆ ನಗೆಪಾಟಲು. ಕೇಳದಿದ್ದರೆ ಒಂಬತ್ತಕ್ಕೆ ರದ್ದಿ ಲಾರಿ ಬರುತ್ತದೆ. ಇದು ೨೦೨೦ರ ಜೂನ್.

ಮೈಸೂರಿನ ಶ್ರೀಪಾದರಿಗೆ ನಲವತ್ತಾರು. ಹೆಂಡತಿ ಜಾಹ್ನವಿಯ ಸಾಫ್ಟ್‌ವೇರ್ ಕೆಲಸಕ್ಕಾಗಿ ಜಪಾನಿನ ಇಚಿಕಾವಾಕ್ಕೆ ಬಂದು ಆರು ವರ್ಷ. ಶ್ರೀಪಾದರ ಅವಲಂಬಿತ ವೀಸಾದಲ್ಲಿ ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ ದುಡಿಯಬಹುದು. ಆ ಗಂಟೆಗಳೆಲ್ಲ ಕಾಶಿವಾ ಕಡೆಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ನೆಲಮಾಳಿಗೆಗೆ. ಹಳೆಯ ಕಾಗದಗಳ ಪಿನ್ನು ಬಿಚ್ಚಿ, ಮಡಿಕೆ ಬಿಡಿಸಿ ಸ್ಕ್ಯಾನ್ ಮಾಡಬೇಕು. ದಿನಕ್ಕೆ ನಾನೂರು ಹಾಳೆ. ಕೊರೊನಾ ಬಂದ ಮೇಲೆ ಅಲ್ಲಿ ಅವರೊಬ್ಬರೇ.

“ಮೊದಮೊದಲು ನಾಚಿಕೆ ಆಗ್ತಿತ್ತು. ಊರಿಂದ ಫೋನ್ ಬಂದ್ರೆ ‘ಲೈಬ್ರರೀಲಿದೀನಿ’ ಅಂತಿದ್ದೆ. ಏನೋ ದೊಡ್ಡದು ಓದ್ತಿದಾನೆ ಅಂದ್ಕೊಳ್ಳೋರು!” ಎನ್ನುತ್ತಾರೆ ಶ್ರೀಪಾದ.

ಜಾಗ ಸಾಲದೆ ಹಳೆಯ ಕ್ರೀಡಾಕೂಟಗಳ ಕಾಗದಗಳನ್ನು ರದ್ದಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ರದ್ದಿಗೆ ಹೋಗುವ ಪೆಟ್ಟಿಗೆಗಳಿಗೆ ‘ಆಟ’ ಎಂಬ ಚೀಟಿ ಅಂಟಿಸುವ ಕೆಲಸ ಶ್ರೀಪಾದರದು. ಒಂದರ ಮೇಲೆ ‘ಕೊಕುಜಿನ್ ಗಾಕುಸೇ ಉಂದೋ’ ಎಂದಿತ್ತು. ಕಪ್ಪು ವಿದ್ಯಾರ್ಥಿಗಳ ಉಂದೋ. ಮಗಳ ಶಾಲೆಯ ಕ್ರೀಡಾದಿನಕ್ಕೂ ‘ಉಂದೋಕಾಯ್’ ಎನ್ನುತ್ತಾರಲ್ಲ! ಒಳಗೆ ನೋಡದೆ ಚೀಟಿ ಅಂಟಿಸಿಬಿಟ್ಟರು.

ನಿನ್ನೆ ಸಂಜೆ ಟಿವಿಯಲ್ಲಿ ಕಪ್ಪು ಜನರ ಪರವಾಗಿ ಟೋಕಿಯೊದಲ್ಲಿ ನಡೆದ ಮೆರವಣಿಗೆ. ಹತ್ತು ವರ್ಷದ ಅಮೂಲ್ಯ ಬೆರಳು ತೋರಿಸಿದಳು. “ಲುಕ್ ಅಪ್ಪಾ, ಉಂದೋ!”

“ಆಟ ಎಲ್ಲಾಡ್ತಿದಾರೆ ಪುಟ್ಟಾ? ನಡೀತಿದಾರೆ.”

“ಅಯ್ಯೋ, ಪ್ರೊಟೆಸ್ಟ್ ಕೂಡ ಉಂದೋನೇ. ಯುವರ್ ಜಾಪನೀಸ್ ಈಸ್ ಸೋ ಬ್ಯಾಡ್!”

ಲಾರಿ ಬರುವ ಮುನ್ನವೇ ಶ್ರೀಪಾದ ಮೇಲಧಿಕಾರಿ ಓಚಿಯಾಯಿ ಸಾನ್ ಎದುರು ತಲೆಬಾಗಿ ನಿಲ್ಲುತ್ತಾರೆ. “ಸುಮಿಮಾಸೆನ್, ಕ್ಷಮಿಸಿ. ಆ ಪದ ತಪ್ಪು ತಿಳಿದೆ. ಒಂದು ಪೆಟ್ಟಿಗೆ ತೆಗೆದು ನೋಡಬೇಕು.”

ಕಟ್ಟಿಟ್ಟ ಎಪ್ಪತ್ತು ಪೆಟ್ಟಿಗೆಗಳ ಅಡಿಯಿಂದ ಅದನ್ನು ಎಳೆಯುತ್ತಾರೆ. ಒಳಗೆ ೧೯೭೩ರ ಕರಪತ್ರಗಳು. ಅಮೆರಿಕ, ಆಫ್ರಿಕಾಗಳಿಂದ ಬಂದ ಹನ್ನೊಂದು ಮಂದಿ ವಿದ್ಯಾರ್ಥಿಗಳಿಗೆ ಊರಲ್ಲಿ ಯಾರೂ ಬಾಡಿಗೆಗೆ ಕೋಣೆ ಕೊಟ್ಟಿರಲಿಲ್ಲ. ನಲವತ್ತಮೂರು ಮನೆಯವರು ಹೇಳಿದ ನೆಪಗಳನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅದನ್ನೇ ಕೈಯಲ್ಲಿ ಹಿಡಿದು ಆಡಳಿತ ಕಚೇರಿಯ ಮುಂದೆ ಹತ್ತೊಂಬತ್ತು ದಿನ ಕೂತಿದ್ದರು. ಕಡೆಗೆ ಹಾಸ್ಟೆಲ್ ಬಾಗಿಲು ತೆರೆಯಿತು.

“ಶ್ರೀಪಾದ ಸಾನ್, ಇವರು ಆಡಿದ್ದು ಯಾವ ಆಟ?” ಓಚಿಯಾಯಿ ಸಾನ್ ಕಾಲೆಳೆಯುತ್ತಾರೆ.

“ಮನೆ ಹುಡುಕೋ ಆಟ.”

ಆಕೆ ನಗುತ್ತಾರೆ. ನೋಟ್‌ಬುಕ್ಕಿನ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನಗು ನಿಲ್ಲುತ್ತದೆ.

ಒಟ್ಟು ಆರುನೂರ ಹನ್ನೆರಡು ಹಾಳೆ. ಒಂದೊಂದನ್ನೂ ಶ್ರೀಪಾದರೇ ಸ್ಕ್ಯಾನ್ ಮಾಡಿದ್ದಾರೆ. ಈಗ, ೨೦೨೧ರ ವಸಂತದಲ್ಲಿ, ಅವುಗಳ ಪ್ರತಿಗಳು ಗ್ರಂಥಾಲಯದ ಗಾಜಿನ ಗೋಡೆಯ ಮೇಲಿವೆ. ಘಾನಾದ ಸಂಶೋಧನಾ ವಿದ್ಯಾರ್ಥಿನಿ ಅಕುವಾ ಹನ್ನೊಂದು ಹೆಸರುಗಳನ್ನೂ ಗಟ್ಟಿಯಾಗಿ ಓದುತ್ತಾಳೆ. “ಇಲ್ಲಿ ಮೊದಲು ದನಿ ಎತ್ತಿದವರು ನಾವೇ ಅಂದುಕೊಂಡಿದ್ದೆವು. ನಮಗೆ ಹಿರಿಯರಿದ್ದಾರೆ!”

ಹಿಂದಿನ ಸಾಲಿನಲ್ಲಿ, ಎರಡು ಮೀಟರ್ ಅಂತರ ಬಿಟ್ಟು ನಿಂತ ಶ್ರೀಪಾದರ ಬೆನ್ನು ನೆಟ್ಟಗಾಗುತ್ತದೆ. “ಈಗ ಊರಿಂದ ಫೋನ್ ಬಂದ್ರೆ ಈ ಕಥೆ ಪೂರ್ತಿ ಹೇಳ್ತೀನಿ. ಕೇಳೋರಿಗೇ ಸಾಕಾಗ್ಬೇಕು.”

ಆಟದ ಚೀಟಿಯ ಪ್ರಸಂಗವನ್ನು ಓಚಿಯಾಯಿ ಸಾನ್ ಬಂದವರಿಗೆಲ್ಲ ಭಾಷೆಯ ತಮಾಷೆಯೆಂದು ಹೇಳುತ್ತಾರೆ. ಅಕುವಾ ಬಿದ್ದುಬಿದ್ದು ನಗುತ್ತಾಳೆ, ಶ್ರೀಪಾದರೂ ನಗುತ್ತಾರೆ. ‘ಕಪ್ಪು’ ಎಂದು ಓದಿದೊಡನೆ ತಮ್ಮ ಕಣ್ಣಮುಂದೆ ಬಂದವರು ಓಟಗಾರರು, ಓದಲು ಬಂದವರಲ್ಲ ಎಂಬುದನ್ನು ಅವರು ಅವಳಿಗೆ ಹೇಳಲೇ ಇಲ್ಲ.