ಗುರುಲಿಂಗಯ್ಯನ ತಾಮ್ರದ ಬಂಬು

ವಾಡಿಯ ನಮ್ಮ ಓಣಿಯಲ್ಲಿ ಗುರುಲಿಂಗಯ್ಯ ಕುಳಿತದ್ದನ್ನು ಕಂಡವರಿರಲಿಲ್ಲ. ಚಹಾ ಕುಡಿಯುವುದೂ ನಿಂತೇ, ಕಣ್ಣು ಮಾತ್ರ ಹಿತ್ತಲಲ್ಲಿ ನೀರು ಕಾಯಿಸುವ ತಾಮ್ರದ ಬಂಬಿನ ಮೇಲೆ. ನಿಜಾಮರ ಕಾಲದ ಆ ಬಂಬಿನಲ್ಲಿ ತಾಮ್ರಕ್ಕಿಂತ ಬೆಸುಗೆಯೇ ಹೆಚ್ಚು. ಮಂದಿಯ ಮನೆಗೆ ಹೋದರೂ ಅವರ ಬಂಬಿಗೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಇದೂ ಭಾಳ ದಿನ ಇಲ್ಲ" ಎನ್ನುತ್ತಿದ್ದ. ಹೆಂಡತಿ ಶರಣಬಸಮ್ಮ "ಹೊಸಾದು ತರ್ರಿ" ಎಂದರೆ, "ನನ್ನ ಪಗಾರದಾಗ ಅದರ ಮುಚ್ಚಳ ಬರ್ತದ" ಎಂದು ಸುತ್ತಿಗೆ ಹುಡುಕುತ್ತಿದ್ದ. ಒಮ್ಮೆ, ನಮ್ಮೂರಿನ ಸುಣ್ಣದ ನೀರಿನಿಂದ ಬಂಬಿನೊಳಗೆ ಕಟ್ಟಿದ್ದ ಬಿಳಿ ಪದರನ್ನೆಲ್ಲ ಹುರುಪಿನಿಂದ ಕೆರೆದು ತೆಗೆದ. ಇಷ್ಟು ವರ್ಷ ತೂತುಗಳನ್ನು ಮುಚ್ಚಿದ್ದದ್ದೇ ಆ ಪದರು, ಬಂಬು ಜರಡಿಯಾಯಿತು. ಸಾಬೂನು, ಮೇಣ, ಸಿಮೆಂಟು ಮೆತ್ತುತ್ತ ವಾರವಿಡೀ ಹಿತ್ತಲಿಗೂ ಅಂಗಡಿಗೂ ಓಡಾಡಿದ. ಅಷ್ಟರಲ್ಲಿ ಹೆರಿಗೆಗೆ ಬಂದಿದ್ದ ಮಗಳು ಚಂದಮ್ಮ ಹಡೆದಳು. ಬಾಣಂತಿಗೆ ಮೊದಲ ಸಲ ನೀರು ಹಾಕುವ ಹೊತ್ತಿಗೆ ಸರಿಯಾಗಿ ಬಂಬಿನ ಹೊಟ್ಟೆಯ ಒಂದು ತೂತು ಬಿಚ್ಚಿಕೊಂಡಿತು. "ನೀ ನೀರು ಒಯ್ಯಿ, ನಾ ಹಿಡ್ದೀನಿ" ಎಂದು ಹೆಂಡತಿಗೆ ಹೇಳಿ, ತೂತಿಗೆ ಒದ್ದೆ ಅರಿವೆ ಇಟ್ಟು ಹೆಬ್ಬೆರಳು ಒತ್ತಿದ. ಒಳಗೆ ಕೂಸು ಚೀರಿ, ಮಿಂದು, ಮಲಗುವವರೆಗೂ ಗುರುಲಿಂಗಯ್ಯ ಆ ಸುಡುವ ತಾಮ್ರದ ಪಕ್ಕ ಅಲುಗಾಡದೆ ಕುಳಿತೇ ಇದ್ದ.