ಕಾರಣ ಗೊತ್ತಿಲ್ಲ, ತೆಗೆಯಬೇಡಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಷರಾ ಅಕ್ಕ ಎಂದು. ಕಂಪ್ಯೂಟರನ್ನು ನೆಟ್‌ವರ್ಕಿಗೆ ಸೇರಿಸುವ ಒಂದು ಕಾರ್ಡು, ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು, ಇಷ್ಟರಲ್ಲೇ ಅವಳ ಹದಿನಾಲ್ಕು ವರ್ಷ ಸವೆದಿತ್ತು. ಉಳಿದವರು ಒಂದು ಸಾಲು ಕೋಡ್ ಬರೆದು ಎದ್ದು ಹೋದರೆ, ಇವಳು ಅದರ ತಲೆಯ ಮೇಲೆ ಮುಂದೆ ಓದುವವರಿಗೆ ತಿಳಿಯಲೆಂದು ಹತ್ತು ಸಾಲು ಷರಾ ಬರೆಯಬೇಕು. ಬರೆಯದೆ ಇನ್ನೇನು ಮಾಡುತ್ತಾಳೆ ಹೇಳಿ? ಕೈಪಿಡಿ ಹೇಳುವುದು ಒಂದು, ಕಾರ್ಡು ಮಾಡುವುದು ಇನ್ನೊಂದು. ಕಾರ್ಡು ತಯಾರಿಸಿದ ಪುಣ್ಯಾತ್ಮರನ್ನು ಕೇಳಿದರೆ ಉತ್ತರವೇ ಇಲ್ಲ.

ಅವಳ ಜೀವ ಹಿಂಡಿದ್ದು ‘ನಿಲ್ಲು’ ಎಂಬ ಆದೇಶ. ಒಂದು ಸಲ ನಿಲ್ಲು ಎಂದರೆ ಕಾರ್ಡು ‘ನಿಂತೆ’ ಎನ್ನುತ್ತದೆ, ಆದರೆ ನಿಲ್ಲುವುದಿಲ್ಲ. ಕಂಪ್ಯೂಟರಿನ ಮೆಮೊರಿಯಲ್ಲಿ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟ ಜಾಗದಲ್ಲೂ ಕಸ ಸುರಿಯುತ್ತಲೇ ಇರುತ್ತದೆ. ಎರಡನೇ ಸಲ ಹೇಳಿದರೆ ತೆಪ್ಪಗಾಗುತ್ತದೆ. ಯಾಕೆ ಎಂದು ಹುಡುಕಿ ಹುಡುಕಿ ಅವಳ ತಲೆಗೂದಲು ಬೆಳ್ಳಗಾಯಿತು. ಕೊನೆಗೆ ಕೋಡಿನಲ್ಲಿ ಆ ಆದೇಶವನ್ನು ಎರಡು ಸಲ ಹಾಕಿ, ಎರಡನೆಯದರ ಮೇಲೆ ‘ಕಾರಣ ಗೊತ್ತಿಲ್ಲ, ತೆಗೆಯಬೇಡಿ’ ಎಂದು ಷರಾ ಬರೆದಿದ್ದಳು.

ಹೊಸದಾಗಿ ಬಂದ ಮುಖ್ಯಸ್ಥ ಒಂದು ಬೆಳಿಗ್ಗೆ ಅವಳ ಮೇಜಿಗೆ ಒರಗಿ ನಿಂತ.

“ಅಕ್ಕ, ಗಿರಾಕಿಗಳು ಕೋಡ್ ಓದ್ತಾರೆ. ‘ಕಾರಣ ಗೊತ್ತಿಲ್ಲ, ತೆಗೆಯಬೇಡಿ’ ಅಂತ ಇದ್ರೆ ನಗೆಪಾಟಲಾಗುತ್ತೆ. ಏನಾದ್ರೂ ಒಂದು ಕಾರಣ ಬರೀರಿ.”

“ಗೊತ್ತಿಲ್ದೇ ಇರೋದನ್ನ ಏನಂತ ಬರೀಲಿ?”

“ಹಳೇ ಕಾರ್ಡುಗಳಿಗೋಸ್ಕರ ಅಂತ ಬರೀರಿ. ಯಾರು ನೋಡ್ತಾರೆ! ಸಂಜೆಯೊಳಗೆ ಆಗದಿದ್ರೆ ನಾನೇ ಅಳಿಸಿ ಬರೀತೀನಿ.”

ಓದುತ್ತಾರೆ ಎಂದವನೂ ಇವನೇ, ಯಾರು ನೋಡುತ್ತಾರೆ ಎಂದವನೂ ಇವನೇ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಹಳೇ ಕಾರ್ಡು ಎಂಬ ಮಾತಿಗೆ ನಗು ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅದೇ ಮಾತನ್ನು ಬರೆದವಳು ಅವಳೇ. ಆಗಿನ ಮುಖ್ಯಸ್ಥನೂ ಹೀಗೇ ಪೀಡಿಸಿದ್ದ. ಸಾಕಪ್ಪಾ ಸಾಕು ಎನಿಸಿ, ‘ಎರಡನೆಯ ಆದೇಶ ಹಳೆಯ ಕಾರ್ಡುಗಳಿಗೆ ಮಾತ್ರ’ ಎಂದು ಗೀಚಿ ಮನೆಗೆ ಹೋಗಿದ್ದಳು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು ಒಡಹುಟ್ಟಿದ ತಮ್ಮ. ಎರಡು ವರ್ಷದ ಮೇಲೆ ಹಳೆಯ ಕಾರ್ಡುಗಳೆಲ್ಲ ಮೂಲೆ ಸೇರಿದವು. ಅಕ್ಕನೇ ಬರೆದಿದ್ದಾಳಲ್ಲ ಎಂದು ಅವನು ಎರಡನೆಯ ಆದೇಶದ ಸಾಲನ್ನು ಅಳಿಸಿದ. ದೊಡ್ಡ ಗಿರಾಕಿಯೊಬ್ಬರ ಯಂತ್ರಗಳು ವಾರಗಟ್ಟಲೆ ಕೈಕೊಟ್ಟವು. ಅಳಿಸಿದವನ ಹೆಸರು ದಾಖಲೆಯಲ್ಲಿತ್ತು, ಅವನನ್ನು ಮನೆಗೆ ಕಳಿಸಿದರು. ಷರಾ ಬರೆದವಳನ್ನು ಯಾರೂ ಕೇಳಲಿಲ್ಲ. ಅವಳು ಸಾಲನ್ನು ಮರಳಿ ಹಾಕಿ, ಸುಳ್ಳು ಷರಾ ತೆಗೆದು, ತುಟಿ ಪಿಟಕ್ಕೆನ್ನದೆ ಕೂತಳು.

“ನೀನು ನೋಡೇ ಬರೆದಿರ್ತೀಯ. ನಾನೇ ಎಲ್ಲೋ ಎಡವಿದೆ” ಎಂದಿದ್ದ ತಮ್ಮ. ಈಗ ಮನೆಯ ಕೆಳಗೇ ಫ್ಯಾನು, ಮಿಕ್ಸರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಪಾಪ, ಅವನಿಗೆ ತನ್ನ ಕೈಯ ಮೇಲೇ ನಂಬಿಕೆಯಿಲ್ಲ. ಬಿಗಿದ ಸ್ಕ್ರೂವನ್ನೇ ಮತ್ತೆ ಬಿಗಿಯುತ್ತಾನೆ, ಬೀಗವನ್ನು ನಾಲ್ಕು ಸಲ ಎಳೆದು ನೋಡುತ್ತಾನೆ.

ಮಧ್ಯಾಹ್ನ ಅವಳು ಷರಾ ಇದ್ದ ಜಾಗವನ್ನು ಪರದೆಯ ಮೇಲೆ ತೆರೆದಳು. ಆಮೇಲೆ ಬರೆದಳು: ‘ಹಿಂದೆ ಇಲ್ಲಿ, ಹಳೆಯ ಕಾರ್ಡುಗಳಿಗೆ ಮಾತ್ರ ಎಂದಿತ್ತು. ಅದು ಸುಳ್ಳು, ಬರೆದದ್ದು ನಾನು. ಅದನ್ನು ನಂಬಿ ಸಾಲು ತೆಗೆದವನದು ತಪ್ಪಲ್ಲ. ಹನ್ನೊಂದು ಮಾದರಿಯ ಕಾರ್ಡುಗಳಲ್ಲಿ ನೋಡಿದ್ದೇನೆ, ಹನ್ನೊಂದಕ್ಕೂ ಎರಡು ಸಲ ಹೇಳಬೇಕು. ಕಾರಣ ಗೊತ್ತಿಲ್ಲ, ತೆಗೆಯಬೇಡಿ.’

ಮುಖ್ಯಸ್ಥ ಓದಿ ಮುಖ ಹುಳ್ಳಗೆ ಮಾಡಿಕೊಂಡ. “ಇದನ್ನ ಗಿರಾಕಿ ಓದಿದ್ರೆ?”

“ಓದ್ಲಿ ಅಂತಾನೇ ಬರೆದಿರೋದು. ಬೇಡ ಅಂದ್ರೆ ನೀವೇ ಅಳಿಸಿ. ಅಳಿಸಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತೆ.”

ಅವನು ಷರಾ ಮುಟ್ಟದೆ ಹೊರಟುಹೋದ.

ಆ ಷರಾವನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ, ಅವಳು ನೆಟ್ಟಗೆ ತಮ್ಮನ ಅಂಗಡಿಗೆ ಹೋಗಿ ಅವನ ಮುಂದಿಟ್ಟಳು. ಅವನು ಓದಿದ. ಇನ್ನೊಮ್ಮೆ ಓದಿದ.

“ನೀನು ನೋಡಿ ಬರೆದಿದ್ದಲ್ವಾ ಅದನ್ನ?”

“ಇಲ್ಲ ಕಣೋ. ಸುಸ್ತಾಗಿತ್ತು. ಏನೋ ಒಂದು ಬರೆದು ಮನೆಗೆ ಬಂದೆ.”

“ಏಳು ವರ್ಷ, ಅಕ್ಕಾ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಸಮಾಧಾನ ಮಾಡಲಿಲ್ಲ. ಬಿಚ್ಚಿಟ್ಟಿದ್ದ ಫ್ಯಾನಿನ ಸ್ಕ್ರೂ ಒಂದನ್ನು ಬಿಗಿಯುತ್ತ ಕೇಳಿದ:

“ಆ ಕಾರ್ಡಿಗೆ ಎರಡು ಸಲ ಯಾಕೆ ಹೇಳ್ಬೇಕು?”

“ಗೊತ್ತಿಲ್ಲ.”

“ಅವತ್ತೂ ಅಷ್ಟೇ ಬರೆದಿದ್ರೆ ಆಗ್ತಿತ್ತಲ್ಲೇ.”